ಗುಂಟೆಯಿಂದ ಬಾರ್ನಿಗೆ: ವಿಸ್ತೀರ್ಣಮಾನಗಳ ಪರಿವರ್ತನೆಯನ್ನು ಕುರಿತು ಒಂದು ವಿವೇಚನೆ

1. ಪೀಠಿಕೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ತಾಲ್ಲೂಕುಗಳ ಹೊಗೆಸೊಪ್ಪಿನ ಸೀಮೆಯಲ್ಲಿ ಸಂಚರಿಸಿದವರೆಲ್ಲರೂ ಹೊಲಗಳ ನಡುವೆ ಎತ್ತರವಾಗಿ ನಿಂತಿರುವ ಚೌಕಾಕಾರದ ಕಟ್ಟಡಗಳನ್ನು ಕಂಡಿರುತ್ತಾರೆ. ಹಸಿಯ ವರ್ಜೀನಿಯ ಹೊಗೆಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ, ಒಳಗೆ ಸಾಲುಸಾಲಾಗಿ ತೂಗುಹಾಕಿ, ಬಿಸಿಗಾಳಿಯಿಂದ ಹದಮಾಡುವ ಮನೆಗಳಿವು. ಇವನ್ನು ಇಲ್ಲಿಯ ರೈತರು 'ಬ್ಯಾರನ್' ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಹುಲ್ಲು, ಧಾನ್ಯ, ದನಕರುಗಳನ್ನು ಇಡುವ ದೊಡ್ಡ ಕೊಟ್ಟಿಗೆಗೆ ಇರುವ ಮಾತೇ ಇಲ್ಲಿ ಕನ್ನಡದ ನಾಲಗೆಗೆ ಹೊಂದಿಕೊಂಡು ಬ್ಯಾರನ್ ಆಗಿದೆ.

ಇದೇ ಮಾತು ಮತ್ತೊಂದು ಶಾಸ್ತ್ರಕ್ಕೂ ಹೋಗಿ ಸೇರಿದೆ. ಪರಮಾಣುವಿನ ಬೀಜವನ್ನೂ ಮೂಲಕಣಗಳನ್ನೂ ಅಭ್ಯಾಸಮಾಡುವ ಭೌತವಿಜ್ಞಾನಿಗಳು ತಮ್ಮ ವಿಸ್ತೀರ್ಣಮಾನವನ್ನು 'ಬಾರ್ನ್' ಎಂದು ಕರೆಯುತ್ತಾರೆ. ಒಂದು ಬಾರ್ನ್ ಎಂದರೆ 10⁻²⁸ ಚದರ ಮೀಟರು. ಎಂದರೆ, ಒಂದು ಚದರ ಮೀಟರನ್ನು ಒಂದರ ಮುಂದೆ ಇಪ್ಪತ್ತೆಂಟು ಸೊನ್ನೆಗಳುಳ್ಳ ಸಂಖ್ಯೆಯಷ್ಟು ಪಾಲುಮಾಡಿದರೆ ಅದರಲ್ಲಿ ಒಂದು ಪಾಲು. ಹದಿನಾರು ಅಡಿ ಚೌಕದ ತಳವುಳ್ಳ ಬ್ಯಾರನ್ ಒಂದನ್ನು ಉದಾಹರಣೆಗಾಗಿ ತೆಗೆದುಕೊಂಡರೆ ಅದರ ನೆಲದ ವಿಸ್ತೀರ್ಣ 256 ಚದರ ಅಡಿ, ಅಥವಾ 23.78 ಚದರ ಮೀಟರು. ಆದುದರಿಂದ ರೈತನ ಒಂದು ಬ್ಯಾರನ್ನಿನ ನೆಲದಲ್ಲಿ ವಿಜ್ಞಾನಿಯ ಬಾರ್ನುಗಳು ಸುಮಾರು 2.38 × 10²⁹ ಅಡಗುತ್ತವೆ.

ಇಷ್ಟನ್ನು ಹೇಳಿ ಮುಗಿಸಿದರೆ ಇದು ಗಣಿತದ ವಿನೋದವಷ್ಟೇ ಆದೀತು. ನಾವು ಭೌತವಿಜ್ಞಾನಿಗಳಲ್ಲ, ಚರಿತ್ರೆಯನ್ನು ಬೋಧಿಸತಕ್ಕವರು. ಆದರೂ ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವುಂಟು. ಶಾಸನಗಳಲ್ಲಿಯೂ ಕಂದಾಯದ ಲೆಕ್ಕಗಳಲ್ಲಿಯೂ ಬರುವ ಕಂಬ, ಮತ್ತರು, ಸಲಗೆ, ಕೊಳಗ, ಖಂಡುಗಗಳನ್ನು ವಿದ್ಯಾರ್ಥಿಗಳು ಎಕರೆಗೆ ತಿರುಗಿಸುವಾಗ ಮಾಡುವ ತಪ್ಪುಗಳು, ಚದರ ಮೀಟರನ್ನು ಬಾರ್ನಿಗೆ ತಿರುಗಿಸುವಾಗ ಸಂಭವಿಸುವ ತಪ್ಪುಗಳ ಜಾತಿಗೇ ಸೇರಿದುವು. ಅದಕ್ಕಿಂತ ಮುಖ್ಯವಾದುದು ಮತ್ತೊಂದಿದೆ: ಎರಡು ಕಡೆಯಲ್ಲಿಯೂ 'ವಿಸ್ತೀರ್ಣ' ಎಂಬ ಮಾತು ನೆಲದ ಅಗಲವನ್ನು ಮಾತ್ರವೇ ಹೇಳುವುದಿಲ್ಲ. ಅದು ಮತ್ತೇನನ್ನು ಹೇಳುತ್ತದೆಂಬುದನ್ನು, ಈ ಸೀಮೆಯದೇ ಆದ ಬೀಚನಹಳ್ಳಿಯ ಜಲಾಶಯ, ಅದರ ನದಿ, ಅದರ ಸುತ್ತಿನ ಭೂಮಿ ಇವುಗಳ ದೃಷ್ಟಾಂತದಿಂದ ತಿಳಿಯಲು ಪ್ರಕೃತ ಲೇಖನದಲ್ಲಿ ಪ್ರಯತ್ನಿಸಿದ್ದೇವೆ.

2. ಸರಪಣಿಯ ಆಣೆ, ಗುಂಟೆಯ ಆಣೆ

ಪರಿವರ್ತನೆಯ ಮೊದಲನೆಯ ನಿಯಮ ಎಲ್ಲರಿಗೂ ಗೊತ್ತಿರುವುದೇ: ಉದ್ದಳತೆಯ ಪ್ರಮಾಣವನ್ನು ವರ್ಗಮಾಡಿದರೆ ವಿಸ್ತೀರ್ಣದ ಪ್ರಮಾಣ ಬರುತ್ತದೆ. ಒಂದು ಮೀಟರಿಗೆ ನೂರು ಸೆಂಟಿಮೀಟರು. ಆದರೆ ಒಂದು ಚದರ ಮೀಟರಿಗೆ ಹತ್ತು ಸಾವಿರ ಚದರ ಸೆಂಟಿಮೀಟರು. ಗೊತ್ತಿದ್ದೂ ಮರೆಯುವ ನಿಯಮವಿದು. ಇದನ್ನು ನಮ್ಮ ಮೋಜಣಿಯ ಪದ್ಧತಿಯಿಂದ ವಿವರಿಸುವುದೇ ಲೇಸು.

ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಬೊಂಬಾಯಿಯ ಮಾದರಿಯನ್ನು ಅನುಸರಿಸಿ ಕಂದಾಯದ ಮೋಜಣಿ ಪ್ರಾರಂಭವಾಯಿತು. ಆ ಪದ್ಧತಿಯ ಸರಪಣಿಯ ಉದ್ದ 33 ಅಡಿ. ಅದನ್ನು ಹದಿನಾರು ಭಾಗಮಾಡಿ ಒಂದೊಂದು ಭಾಗವನ್ನು ಆಣೆ ಎಂದು ಕರೆದರು. ಉದ್ದಳತೆಯ ಆಣೆ ಎಂದರೆ 2.0625 ಅಡಿ. ಒಂದು ಸರಪಣಿ ಚೌಕದ ಭೂಮಿ, ಎಂದರೆ 33 ಅಡಿಗೆ 33 ಅಡಿ, 1,089 ಚದರ ಅಡಿ. ಇದೇ ಒಂದು ಗುಂಟೆ. ನಲವತ್ತು ಗುಂಟೆಗೆ 43,560 ಚದರ ಅಡಿಯ ಒಂದು ಎಕರೆ. ಗುಂಟೆಗೂ ಹದಿನಾರು ಆಣೆ. ವಿಸ್ತೀರ್ಣದ ಆಣೆ ಎಂದರೆ 68.0625 ಚದರ ಅಡಿ.

ಇಲ್ಲಿ ಒಂದೇ ಹೆಸರಿನ ಎರಡು ಆಣೆಗಳಿವೆ. ಒಂದು ಸರಪಣಿ ಉದ್ದ, ಒಂದು ಆಣೆ ಅಗಲವಿರುವ ಪಟ್ಟಿಯು ಗುಂಟೆಯ ಹದಿನಾರನೆಯ ಒಂದು ಪಾಲು. ಅದು ವಿಸ್ತೀರ್ಣದ ಆಣೆ. ಆದರೆ ಒಂದು ಆಣೆ ಉದ್ದ, ಒಂದು ಆಣೆ ಅಗಲವಿರುವ ಚೌಕವು ಗುಂಟೆಯ ಇನ್ನೂರೈವತ್ತಾರನೆಯ ಒಂದು ಪಾಲು. 'ಒಂದು ಆಣೆ ಜಮೀನು' ಎಂಬುದಕ್ಕೂ 'ಒಂದು ಆಣೆ ಚೌಕದ ಜಮೀನು' ಎಂಬುದಕ್ಕೂ ಹದಿನಾರು ಪಟ್ಟು ವ್ಯತ್ಯಾಸ. ಈ ಭೇದವನ್ನು ಬಲ್ಲ ಹಳೆಯ ಶಾನುಭೋಗನಿಗೆ ಭೌತವಿಜ್ಞಾನದ ಒಂದು ಸೂಕ್ಷ್ಮ ತಾನಾಗಿಯೇ ಅರ್ಥವಾಗುತ್ತಿತ್ತು. ಅದೇನೆಂದರೆ:

ಚದರ ಮಿಲಿಮೀಟರು ಎಂಬಲ್ಲಿ ಸಾವಿರದ ಪಾಲು ಉದ್ದಳತೆಗೆ ಸೇರಿದುದು. ಆದುದರಿಂದ ಒಂದು ಚದರ ಮಿಲಿಮೀಟರು ಚದರ ಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಆದರೆ ಮಿಲಿಬಾರ್ನ್ ಎಂಬಲ್ಲಿ ಸಾವಿರದ ಪಾಲು ನೇರವಾಗಿ ವಿಸ್ತೀರ್ಣಕ್ಕೇ ಸೇರಿದುದು. ಒಂದು ಮಿಲಿಬಾರ್ನ್ ಬಾರ್ನಿನ ಸಾವಿರದಲ್ಲೊಂದು ಪಾಲು ಮಾತ್ರ. ಮೊದಲನೆಯದು ಸರಪಣಿಯ ಆಣೆಯಂತೆ, ಎರಡನೆಯದು ಗುಂಟೆಯ ಆಣೆಯಂತೆ. ಬಾರ್ನ್ ಹುಟ್ಟಿನಿಂದಲೇ ವಿಸ್ತೀರ್ಣದ ಮಾನ. ಅದನ್ನು ಮತ್ತೆ ವರ್ಗಮಾಡತಕ್ಕದ್ದಲ್ಲ. ಮಿಲಿಬಾರ್ನಿನ ಕೆಳಗೆ ಮೈಕ್ರೋಬಾರ್ನ್, ನ್ಯಾನೋಬಾರ್ನ್, ಪೀಕೋಬಾರ್ನ್, ಫೆಮ್ಟೋಬಾರ್ನ್ ಎಂದು ಒಂದೊಂದು ಹೆಜ್ಜೆಗೂ ಸಾವಿರ ಪಟ್ಟು ಕಿರಿದಾಗುತ್ತ ಹೋಗುತ್ತದೆ. ಫೆಮ್ಟೋಬಾರ್ನ್ 10⁻¹⁵ ಬಾರ್ನ್. ಎಂದರೆ 10⁻⁴³ ಚದರ ಮೀಟರು.

ಇನ್ನು ಪರಿವರ್ತನೆ ಸುಲಭ. ಅಡಿ 0.3048 ಮೀಟರು, ಇದರ ವರ್ಗ 0.0929. ಆದುದರಿಂದ,

1 ಚದರ ಅಡಿ = 0.0929 ಚದರ ಮೀಟರು = 9.29 × 10²⁶ ಬಾರ್ನ್
1 ಆಣೆ (ಗುಂಟೆಯದು) = 6.32 ಚದರ ಮೀಟರು = 6.32 × 10²⁸ ಬಾರ್ನ್
1 ಗುಂಟೆ = 101.17 ಚದರ ಮೀಟರು = 1.01 × 10³⁰ ಬಾರ್ನ್
1 ಎಕರೆ = 4,046.86 ಚದರ ಮೀಟರು = 4.05 × 10³¹ ಬಾರ್ನ್
1 ಹೆಕ್ಟೇರು = 10,000 ಚದರ ಮೀಟರು = 10³² ಬಾರ್ನ್

ನಮ್ಮ ಗುಂಟೆ, ನೂರಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚಿನ ಅಂತರದಲ್ಲಿ, ಹತ್ತರ ಮೂವತ್ತನೆಯ ಘಾತದಷ್ಟು ಬಾರ್ನುಗಳಿಗೆ ಸಮನಾಗಿರುವುದು ಕೇವಲ ಆಕಸ್ಮಿಕ. ಆದರೆ ನೆನಪಿನಲ್ಲಿಟ್ಟುಕೊಳ್ಳಲು ಅನುಕೂಲವಾದ ಆಕಸ್ಮಿಕ.

3. ಬಾರ್ನಿನ ಹುಟ್ಟು

ಬಾರ್ನ್ ಎಂಬ ಮಾನಕ್ಕೆ ಹೆಸರಿಟ್ಟವರು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ ಕೆಲಸಮಾಡುತ್ತಿದ್ದ ಹಾಲೊವೇ ಮತ್ತು ಬೇಕರ್ ಎಂಬ ಇಬ್ಬರು ವಿಜ್ಞಾನಿಗಳು. ಕಾಲ 1942ರ ಡಿಸೆಂಬರು; ಎರಡನೆಯ ಮಹಾಯುದ್ಧದ ನಡುಗಾಲ. ಪರಮಾಣು ಬೀಜಗಳ ಮೇಲೆ ಕಣಗಳನ್ನು ಹಾಯಿಸಿ ಮಾಡುವ ಅಳತೆಗಳಲ್ಲಿ ಅವರು ತೊಡಗಿದ್ದರು. ಆ ಅಳತೆಗಳಲ್ಲಿ 10⁻²⁴ ಚದರ ಸೆಂಟಿಮೀಟರು ಎಂಬ ಪ್ರಮಾಣವು ಪದೇ ಪದೇ ಬರುತ್ತಿತ್ತು. ಅದಕ್ಕೊಂದು ಚಿಕ್ಕ ಹೆಸರು ಬೇಕಾಯಿತು. ರಾತ್ರಿಯ ಊಟದ ಹೊತ್ತಿನ ಮಾತಿನಲ್ಲಿ, ದೊಡ್ಡ ವಿಜ್ಞಾನಿಗಳ ಹೆಸರುಗಳನ್ನು ಇಡಬಹುದೇ ಎಂದು ಯೋಚಿಸಿದರು. ಆಪನ್‌ಹೈಮರರ ಹೆಸರು ಉದ್ದವಾಯಿತು. ಬೆಥೆಯವರ ಹೆಸರು ಗ್ರೀಕ್ ಅಕ್ಷರವಾದ ಬೀಟಾದೊಡನೆ ಗೊಂದಲಕ್ಕೆ ಎಡೆಮಾಡುವಂತಿತ್ತು. ಕೊನೆಗೆ, ಇಂತಹ ಕಣಗಳ ಪಾಲಿಗೆ ಈ ವಿಸ್ತೀರ್ಣ ಕೊಟ್ಟಿಗೆಯಷ್ಟು ದೊಡ್ಡ ಗುರಿಯೇ ಸರಿ ಎಂಬ ಹಾಸ್ಯದಿಂದ ಬಾರ್ನ್ ಎಂಬ ಹೆಸರು ನಿಂತಿತು. ಯುದ್ಧಕಾಲದ ಗುಟ್ಟಿನ ಕೆಲಸಕ್ಕೆ ಸಂಬಂಧಪಟ್ಟುದಾದ್ದರಿಂದ ಈ ಮಾನವನ್ನು 1948ರವರೆಗೂ ಬಹಿರಂಗಪಡಿಸಲಿಲ್ಲ.

ಹಾಸ್ಯದಿಂದ ಹುಟ್ಟಿದರೂ ಮಾನದ ಗಾತ್ರ ಯುಕ್ತವಾದುದು. ಯುರೇನಿಯಮ್ 238ರ ಬೀಜದ ತ್ರಿಜ್ಯ ಸುಮಾರು 7.4 × 10⁻¹⁵ ಮೀಟರು. ಆ ಬೀಜವನ್ನು ಒಂದು ಗುಂಡಿನಂತೆ ಭಾವಿಸಿದರೆ ಅದರ ಮುಖದ ವಿಸ್ತೀರ್ಣ ಸುಮಾರು 1.7 ಬಾರ್ನ್. ಎಕರೆಯು ಒಂದು ಜೋಡಿ ಎತ್ತು ಒಂದು ದಿನ ಉಳುವಷ್ಟು ನೆಲವೆಂಬ ಎಣಿಕೆಯಿಂದ ಹುಟ್ಟಿದಂತೆ, ಬಾರ್ನ್ ಕೂಡ ತನ್ನ ಕಸುಬಿನ ವಸ್ತುವಿನ ಅಳತೆಯಿಂದಲೇ ಹುಟ್ಟಿತು. ಯಾವ ಮಾನವೇ ಆಗಲಿ, ಅದನ್ನು ಬಳಸುವವರ ಕೈಗೆ ಒಂದು, ಎರಡು, ಹತ್ತು, ನೂರು ಎಂಬ ಸಣ್ಣ ಸಂಖ್ಯೆಗಳನ್ನು ಒದಗಿಸಿದರೆ ಮಾತ್ರವೇ ಬಾಳುತ್ತದೆ.

4. ಕಾಣದ ಮೊರವನ್ನು ಅಳೆಯುವ ಬಗೆ

ಆದರೆ ಕಣ್ಣಿಗೆ ಕಾಣದ, ಯಾವ ಕೋಲಿಗೂ ಸಿಕ್ಕದ ಬೀಜದ ವಿಸ್ತೀರ್ಣವನ್ನು ಅಳೆಯುವುದೆಂತು? ಇದಕ್ಕೆ ಬಿತ್ತನೆಯ ದೃಷ್ಟಾಂತ ಬಹಳ ಚೆನ್ನಾಗಿ ಒಪ್ಪುತ್ತದೆ.

ಕತ್ತಲೆಯಲ್ಲಿ ಒಂದು ಗದ್ದೆಯ ಮೇಲೆಲ್ಲ ಸಮನಾಗಿ, ಚದರ ಮೀಟರಿಗೆ ಇನ್ನೂರು ಕಾಳಿನಂತೆ, ಬತ್ತವನ್ನು ಎರಚುತ್ತೇವೆಂದು ಭಾವಿಸೋಣ. ಗದ್ದೆಯಲ್ಲಿ ಎಲ್ಲಿಯೋ ಒಂದು ಮೊರವಿದೆ. ಅದರ ಆಕಾರ ನಮಗೆ ತಿಳಿಯದು. ಎರಚಿಯಾದ ಮೇಲೆ ಮೊರದೊಳಗೆ ನಲವತ್ತು ಕಾಳು ಬಿದ್ದಿರುವುದು ಗೊತ್ತಾದರೆ, ಮೊರದ ವಿಸ್ತೀರ್ಣ ಒಂದು ಚದರ ಮೀಟರಿನ ಐದನೆಯ ಒಂದು ಭಾಗವೆಂದು ಹೇಳಬಹುದು. ಅಳತೆಗೋಲು ಬೇಕಾಗಲಿಲ್ಲ, ಬಿತ್ತನೆಯ ದಟ್ಟಣೆ, ಬಿದ್ದ ಕಾಳಿನ ಎಣಿಕೆ ಇವೆರಡೇ ಸಾಕಾದುವು. ಬಿದ್ದ ಕಾಳು = ವಿಸ್ತೀರ್ಣ × ಬಿತ್ತನೆಯ ದಟ್ಟಣೆ. ಭೌತವಿಜ್ಞಾನದಲ್ಲಿ 'ಅಡ್ಡಕೊಯ್ತ' ಎಂದು ಕರೆಯಲ್ಪಡುವ ವಿಸ್ತೀರ್ಣವನ್ನು ಕಂಡುಹಿಡಿಯುವ ಸೂತ್ರ ಇದೇ. ನ್ಯೂಟ್ರಾನುಗಳೇ ಕಾಳು, ಬೀಜವೇ ಮೊರ.

ಫೆಮ್ಟೋಬಾರ್ನಿನ ವಿಲೋಮವನ್ನು ಒಂದು ಮಾನವಾಗಿ ಬಳಸುವುದನ್ನು ಪತ್ರಿಕೆಗಳಲ್ಲಿ ಓದಿ ಬೆರಗಾದ ವಿದ್ಯಾರ್ಥಿಗಳಿಗೆ ಇದರಿಂದ ಸಮಾಧಾನ ದೊರೆಯುತ್ತದೆ. ವಿಸ್ತೀರ್ಣದ ವಿಲೋಮವೆಂದರೆ 'ಇಷ್ಟು ವಿಸ್ತೀರ್ಣಕ್ಕೆ ಇಷ್ಟು' ಎಂಬ ಬಿತ್ತನೆಯ ದಟ್ಟಣೆಯೇ ಹೊರತು ಮತ್ತೇನೂ ಅಲ್ಲ. ಜಿನೀವದ ಬಳಿಯ ಮಹಾ ಕಣಘರ್ಷಕ ಯಂತ್ರದಲ್ಲಿ 2015ರಿಂದ 2018ರವರೆಗೆ ನಡೆದ ಪ್ರಯೋಗಗಳಲ್ಲಿ, ಒಂದೊಂದು ದೊಡ್ಡ ಶೋಧಕಕ್ಕೂ ವಿವೇಚನೆಗೆ ಒದಗಿದ ಬಿತ್ತನೆ ಫೆಮ್ಟೋಬಾರ್ನಿಗೆ ಸುಮಾರು 140. ಆ ಶಕ್ತಿಯಲ್ಲಿ ಹಿಗ್ಸ್ ಕಣವು ಹುಟ್ಟುವ ಅಡ್ಡಕೊಯ್ತ ಸುಮಾರು 55 ಪೀಕೋಬಾರ್ನ್, ಎಂದರೆ 55,000 ಫೆಮ್ಟೋಬಾರ್ನ್. ಇವೆರಡನ್ನೂ ಗುಣಿಸಿದರೆ 77 ಲಕ್ಷ. ಅಲ್ಲಿ ಹುಟ್ಟಿರಬೇಕಾದ ಹಿಗ್ಸ್ ಕಣಗಳ ಸಂಖ್ಯೆ ಸ್ಥೂಲವಾಗಿ ಇಷ್ಟು. ಒಂದು ಕಡೆ ಪೀಕೋ, ಮತ್ತೊಂದು ಕಡೆ ಫೆಮ್ಟೋ ಇರುವುದನ್ನು ಗಮನಿಸದೆ 55ನ್ನು 140ರಿಂದ ಗುಣಿಸಿದವರಿಗೆ ಬರುವ ಉತ್ತರ 7,700. ಎಕರೆಯ ಕಲಮನ್ನು ಗುಂಟೆಯ ಕಲಮಿನಲ್ಲಿ ಬರೆದಂತೆ ಇದು.

ಈಗ ನಮ್ಮ ಹಳೆಯ ಲೆಕ್ಕದ ಕಡೆಗೆ ತಿರುಗೋಣ. ಮೈಸೂರು ಸೀಮೆಯಲ್ಲಿ ಬಹುಕಾಲ ಭೂಮಿಯನ್ನು ಅಳೆದುದು ಬೀಜವರಿಯಿಂದ. ಇಷ್ಟು ಕೊಳಗ ಬೀಜ ಹಿಡಿಯುವ ಗದ್ದೆ, ಇಷ್ಟು ಖಂಡುಗದ ಭೂಮಿ ಎಂಬುದೇ ಅದರ ವಿಸ್ತೀರ್ಣ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. 1800–01ರಲ್ಲಿ ಈ ಸೀಮೆಯಲ್ಲಿ ಪ್ರವಾಸಮಾಡಿದ ಬುಕಾನನ್ನನೂ ಬೀಜದ ಪ್ರಮಾಣದಿಂದ ಭೂಮಿಯನ್ನು ಎಣಿಸುವುದನ್ನು ಕಂಡು ಬರೆದಿದ್ದಾನೆ. ಭೌತವಿಜ್ಞಾನಿ ಕಾಳನ್ನು ಎಣಿಸಿ ವಿಸ್ತೀರ್ಣವನ್ನು ಹೇಳುವಂತೆಯೇ ನಮ್ಮ ರೈತನೂ ಕಾಳನ್ನು ಅಳೆದು ವಿಸ್ತೀರ್ಣವನ್ನು ಹೇಳಿದನು. ಅವನ ಮಾತು ಅಶಾಸ್ತ್ರೀಯವಾದುದೆಂದು ಭಾವಿಸುವುದು ಸರಿಯಲ್ಲ; ಅವನು ಉತ್ತರಿಸುತ್ತಿದ್ದ ಪ್ರಶ್ನೆಯೇ ಬೇರೆ.

ಒಂದು ಕೊಳಗ ಬೀಜ ಗದ್ದೆಯಲ್ಲಿ ನಾಲ್ಕು ಗುಂಟೆಗೂ ಬೆದ್ದಲಿನಲ್ಲಿ ಇಪ್ಪತ್ತು ಗುಂಟೆಗೂ ಸಾಲುವುದೆಂದು ಉದಾಹರಣೆಗಾಗಿ ಹಿಡಿಯೋಣ. ಆಗ ಖಂಡುಗದ ಗದ್ದೆ ಎರಡು ಎಕರೆಯಾಗುತ್ತದೆ. ಖಂಡುಗದ ಬೆದ್ದಲು ಹತ್ತು ಎಕರೆಯಾಗುತ್ತದೆ. ಮಾನದ ಹೆಸರು ಒಂದೇ, ನೆಲದ ಅಗಲದಲ್ಲಿ ಐದು ಪಟ್ಟು ವ್ಯತ್ಯಾಸ. ಆದುದರಿಂದ 'ಒಂದು ಖಂಡುಗಕ್ಕೆ ಎಷ್ಟು ಎಕರೆ?' ಎಂಬ ಪ್ರಶ್ನೆಗೆ, ಯಾವ ಬೆಳೆ, ಯಾವ ನೆಲ, ಎರಚುವ ಬಿತ್ತನೆಯೋ ನಾಟಿಯೋ ಎಂಬುದನ್ನು ಹೇಳದೆ ಉತ್ತರವಿಲ್ಲ. ಬಾರ್ನಿನ ವಿಷಯವೂ ಇಷ್ಟೆ. ಯುರೇನಿಯಮ್ 235ರ ಬೀಜವು ಮಂದಗತಿಯ ನ್ಯೂಟ್ರಾನಿನಿಂದ ಒಡೆಯುವ ಅಡ್ಡಕೊಯ್ತ ಸುಮಾರು 585 ಬಾರ್ನ್. ವೇಗವಾಗಿ ಬರುವ ನ್ಯೂಟ್ರಾನಿಗೆ ಅದೇ ಬೀಜದ ಅಡ್ಡಕೊಯ್ತ ಒಂದೆರಡು ಬಾರ್ನಿಗೆ ಇಳಿಯುತ್ತದೆ. ಬೀಜವೇನೂ ಕುಗ್ಗಲಿಲ್ಲ, ಬಿತ್ತಿದ ಕಾಳು ಬದಲಾಯಿತು.

5. ಬೀಚನಹಳ್ಳಿಯ ಜಲಾಶಯ: ತನಗಿಂತ ದೊಡ್ಡದಾದ ವಿಸ್ತೀರ್ಣ

ಯುರೇನಿಯಮ್ ಬೀಜದ ಮುಖದ ವಿಸ್ತೀರ್ಣ 1.7 ಬಾರ್ನ್ ಎಂದು ಹಿಂದೆ ಹೇಳಿದೆವು. ಈಗ 585 ಬಾರ್ನ್ ಎನ್ನುತ್ತಿದ್ದೇವೆ. ವಸ್ತುವು ತನ್ನ ಮೈಗಿಂತ ನೂರಾರು ಪಟ್ಟು ದೊಡ್ಡದಾದ ವಿಸ್ತೀರ್ಣವನ್ನು ಪಡೆಯುವುದು ಸಾಧ್ಯವೇ? ಸಾಧ್ಯವೆಂಬುದಕ್ಕೆ ಬೀಚನಹಳ್ಳಿಯ ಜಲಾಶಯವೇ ಸಾಕ್ಷಿ.

ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿ ಮತ್ತು ಬಿದರಹಳ್ಳಿಗಳ ಬಳಿ ಕಬಿನಿ ನದಿಗೆ ಕಟ್ಟಿದ ಅಣೆಕಟ್ಟು 1974ರಲ್ಲಿ ಪೂರ್ಣಗೊಂಡಿತು. ಜಲಾಶಯವು ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 2,284 ಅಡಿ. ಒಟ್ಟು ಸಾಮರ್ಥ್ಯ 19.52 ಟಿ.ಎಂ.ಸಿ., ಎಂದರೆ ಸುಮಾರು 55 ಕೋಟಿ 30 ಲಕ್ಷ ಘನ ಮೀಟರು. ಈ ಜಲಾಶಯದ ಮೇಲೆ ನೇರವಾಗಿ ಬೀಳುವ ಮಳೆಯಿಂದ ಅದು ತುಂಬುವುದಿಲ್ಲ. ವಯನಾಡಿನ ಬೆಟ್ಟಗಳಿಂದ ಮೊದಲುಗೊಂಡು ಸುಮಾರು 2,142 ಚದರ ಕಿಲೋಮೀಟರಿನ ಜಲಾನಯನ ಪ್ರದೇಶದಲ್ಲಿ ಬಿದ್ದ ಮಳೆ ಹಳ್ಳಕೊಳ್ಳಗಳ ಮೂಲಕ ಹರಿದುಬಂದು ಇಲ್ಲಿ ನಿಲ್ಲುತ್ತದೆ. ಆ ಪ್ರದೇಶದ ಮೇಲೆಲ್ಲ ಸುಮಾರು 26 ಸೆಂಟಿಮೀಟರು ದಪ್ಪದ ನೀರು ಹರಿದುಬಂದರೆ ಬರಿದಾದ ಜಲಾಶಯ ತುಂಬುತ್ತದೆಂದು ಭಾಗಾಕಾರದಿಂದ ತಿಳಿಯುತ್ತದೆ. ಹೀಗಿರಲು ಮಳೆಯ ದೃಷ್ಟಿಯಿಂದ ಈ ಜಲಾಶಯದ ವಿಸ್ತೀರ್ಣವೆಷ್ಟು? ದೋಣಿ ನಡೆಸುವವನಿಗೆ ನೀರಿನ ಹರಹೇ ವಿಸ್ತೀರ್ಣ. ಅಣೆಕಟ್ಟಿನ ಎಂಜಿನಿಯರಿಗೆ ಜಲಾನಯನವೇ ವಿಸ್ತೀರ್ಣ. ಎರಡನೆಯದು ಮೊದಲನೆಯದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಅಡ್ಡಕೊಯ್ತವೆಂಬುದು ಈ ಎರಡನೆಯ ಬಗೆಯ ವಿಸ್ತೀರ್ಣ. ಅದು ವಸ್ತುವಿನ ಹರಹಲ್ಲ, ಹಿಡಿಯುವ ಶಕ್ತಿ.

ಬೀಜಕ್ಕೆ ಜಲಾನಯನದಂತಹ ಇಳಿಜಾರು ಎಲ್ಲಿಂದ ಬಂದಿತು? ಇಲ್ಲಿ ದೃಷ್ಟಾಂತದ ಎಲ್ಲೆಯನ್ನು ಹೇಳಬೇಕು. ಬೀಜದ ಕಡೆಗೆ ಬರುವ ನ್ಯೂಟ್ರಾನು ಗೋಲಿಯಂತೆ ಒಂದೇ ಬಿಂದುವಿನಲ್ಲಿ ಬರುವುದಿಲ್ಲ. ಅಲೆಯಂತೆ ಹರಡಿಕೊಂಡು ಬರುತ್ತದೆ. ಸೆಕೆಂಡಿಗೆ 2,200 ಮೀಟರು ವೇಗದ ಮಂದ ನ್ಯೂಟ್ರಾನಿನ ಅಲೆಯುದ್ದ ಸುಮಾರು 1.8 × 10⁻¹⁰ ಮೀಟರು. ಇದು ಬೀಜದ ಅಡ್ಡಗಲಕ್ಕಿಂತ ಹತ್ತು ಸಾವಿರ ಪಟ್ಟಿಗೂ ಹೆಚ್ಚು. ಆದುದರಿಂದ ಬೀಜದ ಮೈಯಿಂದ ಬಹಳ ದೂರದಲ್ಲಿ ಹಾದುಹೋಗುತ್ತಿದೆಯೆಂದು ತೋರುವ ನ್ಯೂಟ್ರಾನೂ ಅದಕ್ಕೆ ಸಿಕ್ಕಿಬೀಳಬಹುದು.

ಇದರ ಪರಮಾವಧಿಯ ಉದಾಹರಣೆ ಜೀನಾನ್ 135. ಅದರ ಬೀಜದ ಮುಖ ಸುಮಾರು 1.2 ಬಾರ್ನ್, ಮಂದ ನ್ಯೂಟ್ರಾನನ್ನು ಹಿಡಿಯುವ ಅದರ ಅಡ್ಡಕೊಯ್ತವಾದರೋ ಸುಮಾರು 26 ಲಕ್ಷ ಬಾರ್ನ್. 1944ರಲ್ಲಿ ಅಮೆರಿಕದ ಹ್ಯಾನ್‌ಫರ್ಡ್ ಎಂಬಲ್ಲಿ ಹೊಸದಾಗಿ ನಡೆಸಲಾರಂಭಿಸಿದ ದೊಡ್ಡ ಪರಮಾಣು ಸ್ಥಾವರವು ಕೆಲವು ಗಂಟೆಗಳಲ್ಲಿಯೇ ತಾನಾಗಿ ನಂದತೊಡಗಿತು. ಸ್ಥಾವರದೊಳಗೆ ಹುಟ್ಟಿದ ಅತ್ಯಲ್ಪ ಪ್ರಮಾಣದ ಜೀನಾನ್ 135 ನ್ಯೂಟ್ರಾನುಗಳನ್ನು ನುಂಗುತ್ತಿದ್ದುದೇ ಇದಕ್ಕೆ ಕಾರಣವೆಂದು ಆಮೇಲೆ ಗೊತ್ತಾಯಿತು. ಮೈಯ ಅಳತೆಯನ್ನು ಮಾತ್ರ ನೋಡಿ ಲೆಕ್ಕಹಾಕಿದ್ದವರಿಗೆ ಈ ಕಾರಣ ಎಂದಿಗೂ ಹೊಳೆಯುತ್ತಿರಲಿಲ್ಲ.

6. ಕೋಲಾರದ ಗಣಿ: ತನಗಿಂತ ಕಿರಿದಾದ ವಿಸ್ತೀರ್ಣ

ಇದಕ್ಕೆ ವಿರುದ್ಧವಾದ ಉದಾಹರಣೆಯೂ ನಮ್ಮ ನಾಡಿನಲ್ಲಿಯೇ ಇದೆ. ಬೀಚನಹಳ್ಳಿಯಿಂದ ಮುಂದೆ ಹರಿದ ಕಬಿನಿಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುವುದಕ್ಕೆ ಮುನ್ನ ನಂಜನಗೂಡನ್ನು ಹಾಯುತ್ತದೆ. ಆ ನಂಜನಗೂಡಿನಲ್ಲಿ 1925ರಲ್ಲಿ ಜನಿಸಿದ ಬಿ. ವಿ. ಶ್ರೀಕಂಠನ್ ಅವರು ವಿಶ್ವಕಿರಣಗಳ ವಿಷಯದಲ್ಲಿ ಪ್ರಸಿದ್ಧರಾದ ಭೌತವಿಜ್ಞಾನಿಗಳು. ಮುಂದೆ ಬೊಂಬಾಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ನಿರ್ದೇಶಕರಾದವರು. ಅವರೂ ಎಂ. ಜಿ. ಕೆ. ಮೆನನ್ ಅವರೂ ಸೇರಿದ್ದ ತಂಡವು, ಜಪಾನಿನ ಒಸಾಕ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾನಿಲಯಗಳ ಸಹಕಾರದಿಂದ, ಕೋಲಾರದ ಚಿನ್ನದ ಗಣಿಯಲ್ಲಿ ಸುಮಾರು 2.3 ಕಿಲೋಮೀಟರು ಆಳದಲ್ಲಿ ಶೋಧಕಗಳನ್ನಿಟ್ಟು, 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತನ್ನು ಕಂಡಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಮತ್ತೊಂದು ತಂಡವೂ ಅದೇ ವರ್ಷ ಇಂತಹುದೇ ಫಲವನ್ನು ಪಡೆಯಿತು.

ಅಷ್ಟು ಆಳಕ್ಕೆ ಇಳಿಯಬೇಕಾದುದೇಕೆಂಬುದನ್ನು ಬಾರ್ನಿನ ಲೆಕ್ಕ ತಿಳಿಸುತ್ತದೆ. ಅಂತಹ ನ್ಯೂಟ್ರಿನೋ ಒಂದಕ್ಕೆ, ಅದರ ಶಕ್ತಿ ನೂರು ಕೋಟಿ ಎಲೆಕ್ಟ್ರಾನ್ ವೋಲ್ಟ್ ಇದ್ದಾಗ, ಒಂದು ಪ್ರೋಟಾನ್ ಅಥವಾ ನ್ಯೂಟ್ರಾನು ಒಡ್ಡುವ ಅಡ್ಡಕೊಯ್ತ ಸುಮಾರು 7 ಫೆಮ್ಟೋಬಾರ್ನ್ ಮಾತ್ರ. ಸಾಧಾರಣ ಬಂಡೆಯ ಒಂದು ಘನ ಸೆಂಟಿಮೀಟರಿನಲ್ಲಿ ಸುಮಾರು 1.6 × 10²⁴ ಇಂತಹ ಕಣಗಳಿವೆ. ಇವೆಲ್ಲದರ ಅಡ್ಡಕೊಯ್ತವನ್ನು ಕೂಡಿಸಿ ಲೆಕ್ಕಹಾಕಿದರೆ, ಆ ನ್ಯೂಟ್ರಿನೋ ಒಂದು ಸಲ ಸಿಕ್ಕಿಬೀಳುವುದಕ್ಕೆ ಮುಂಚೆ ಬಂಡೆಯಲ್ಲಿ ಸರಾಸರಿ 90 ಕೋಟಿ ಕಿಲೋಮೀಟರು ಹೋಗಬಲ್ಲದು. ಭೂಮಿಯಿಂದ ಸೂರ್ಯನಿರುವ ದೂರದ ಆರರಷ್ಟು! ಇಂತಹ ವಿರಳವಾದ ಘಟನೆಯನ್ನು ಕಾಣಬೇಕಾದರೆ ಉಳಿದ ಕಣಗಳ ಗದ್ದಲವನ್ನು ತಡೆಯಬೇಕು. ಎರಡು ಕಿಲೋಮೀಟರಿಗೂ ಹೆಚ್ಚಿನ ಕೋಲಾರದ ಬಂಡೆ ಆ ಕೆಲಸವನ್ನು ಮಾಡಿತು. ಚಿನ್ನಕ್ಕಾಗಿ ತೋಡಿದ ಆಳ ಮತ್ತೊಂದು ಉಪಯೋಗಕ್ಕೆ ಬಂದುದು ಹೀಗೆ. ಆ ಗಣಿಗಳು 2001ರಲ್ಲಿ ಮುಚ್ಚಿದುವು.

ಪ್ರೋಟಾನಿನ ಮೈ ಒಂದೇ. ಆದರೆ ಜಿನೀವದ ಯಂತ್ರದಲ್ಲಿ ಎದುರಿನಿಂದ ಬರುವ ಮತ್ತೊಂದು ಪ್ರೋಟಾನಿಗೆ ಅದು ಒಡ್ಡುವ ವಿಸ್ತೀರ್ಣ ಸುಮಾರು 110 ಮಿಲಿಬಾರ್ನ್. ಕೋಲಾರದ ನ್ಯೂಟ್ರಿನೋಗೆ ಒಡ್ಡುವುದು ಕೆಲವೇ ಫೆಮ್ಟೋಬಾರ್ನ್. ಕಾಳನ್ನು ಹೇಳದೆ ಖಂಡುಗವನ್ನು ಹೇಳಬಾರದೆಂಬ ಮಾತಿಗೆ ಇದಕ್ಕಿಂತ ಪ್ರಬಲವಾದ ನಿದರ್ಶನ ಬೇಕಿಲ್ಲ.

7. ಚರಿತ್ರೆಯ ವಿದ್ಯಾರ್ಥಿಗಳಿಗೆ

ಮೇಲಿನ ವಿವೇಚನೆಯಿಂದ ನಮ್ಮ ಶಾಸ್ತ್ರಕ್ಕೆ ದೊರೆಯುವ ಪಾಠಗಳು ಎರಡು.

ಒಂದನೆಯದು ಕೋಲಿನ ವಿಷಯ. ಶಾಸನಗಳಲ್ಲಿ ಮತ್ತರೂ ಕಂಬವೂ ಬರುತ್ತವೆ. ಅವುಗಳನ್ನು ಅಳೆದ ಕೋಲು ಮಾತ್ರ ಊರಿಂದೂರಿಗೆ ಬೇರೆ. ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಭೇರುಂಡೇಶ್ವರ ಸ್ತಂಭದೊಡನೆ ಭೇರುಂಡ ಗಳೆ ಎಂಬ ಅಳತೆಯನ್ನು ವಿದ್ವಾಂಸರು ಸೇರಿಸಿ ಹೇಳುತ್ತಾರೆ. ಹೆಗ್ಗಡದೇವನಕೋಟೆ, ಹುಣಸೂರು ತಾಲ್ಲೂಕುಗಳ ಶಾಸನಗಳನ್ನು ರೈಸ್ ಅವರು 1898ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಪ್ರಕಟಿಸಿದರು. ಅಂತಹ ಸಂಪುಟಗಳನ್ನು ಕೈಗೆತ್ತಿಕೊಂಡ ವಿದ್ಯಾರ್ಥಿಯು 18 ಅಡಿಯ ಕೋಲನ್ನು 16 ಅಡಿಯದೆಂದು ತಿಳಿದನೆನ್ನೋಣ. ಉದ್ದದಲ್ಲಿ ತಪ್ಪು ಎಂಟರಲ್ಲಿ ಒಂದು ಪಾಲು. ವರ್ಗಮಾಡಿದಾಗ ನಿಜವಾಗಿ 126 ಎಕರೆಗೂ ಮೇಲ್ಪಟ್ಟ ದತ್ತಿಯು ಅವನ ಪ್ರಬಂಧದಲ್ಲಿ 100 ಎಕರೆಯಾಗಿ ಕಾಣಿಸಿಕೊಳ್ಳುತ್ತದೆ. ಅದರ ಮೇಲೆ ಅವನು ಕಟ್ಟುವ ಕಂದಾಯದ ದರ, ಇಳುವರಿ, ದೇವಾಲಯದ ಆದಾಯ ಎಲ್ಲವೂ ಅದೇ ಪ್ರಮಾಣದಲ್ಲಿ ಸೊಟ್ಟಾಗುತ್ತವೆ. ಆದುದರಿಂದ ಮೂಲದ ಮಾನವನ್ನು ಮೊದಲು ಬರೆದು, ಕೋಲಿನ ಉದ್ದವನ್ನು ಯಾವ ಆಧಾರದಿಂದ ಹಿಡಿದೆವೆಂಬುದನ್ನು ಹೇಳಿ, ಎಕರೆಯನ್ನು ಆಮೇಲೆ ಕೊಡಬೇಕು. ಆಧಾರ ಸ್ಥೂಲವಾದುದಾದರೆ ಉತ್ತರವೂ ಸ್ಥೂಲವಾಗಿಯೇ ಇರಬೇಕು. ಕೋಲಿನ ಉದ್ದವೇ ಸಂದೇಹವಾಗಿರುವಾಗ ದಶಾಂಶದ ಮುಂದೆ ನಾಲ್ಕು ಅಂಕೆಗಳನ್ನು ಬರೆಯುವುದು ನಿಖರತೆಯಲ್ಲ.

ಎರಡನೆಯದು ಪ್ರಶ್ನೆಯ ವಿಷಯ. ದಕ್ಷಿಣದ ಹೊಯ್ಸಳ ಶಾಸನಗಳಲ್ಲಿ ಗದ್ದೆಯನ್ನು ಸಲಗೆಯಲ್ಲಿಯೂ ಬೆದ್ದಲನ್ನು ಕಂಬದಲ್ಲಿಯೂ ಹೇಳಿರುವುದನ್ನು ಕಾಣುತ್ತೇವೆ. ಎರಡನ್ನೂ ಎಕರೆಗೆ ತಿರುಗಿಸಿ ಕೂಡಿಸಿಬಿಟ್ಟರೆ ಮೊತ್ತವೇನೋ ಸಿಗುತ್ತದೆ. ಆದರೆ ನೀರಿನ ಭೂಮಿಗೂ ಮಳೆಯ ಭೂಮಿಗೂ ಆ ಜನ ಇಟ್ಟುಕೊಂಡಿದ್ದ ಭೇದ ಆ ಮೊತ್ತದಲ್ಲಿ ಅಳಿಸಿಹೋಗುತ್ತದೆ. ಶಾಸನವನ್ನು ಬರೆಸಿದವರಿಗೆ ಬೇಕಾಗಿದ್ದುದು ನೆಲದ ಅಗಲವಲ್ಲ. ಅದು ಹಿಡಿಯುವ ಬೀಜ, ಕೊಡುವ ಬೆಳೆ, ಸಾಕುವ ಮನೆ.

ಇದು ಹಿಂದಿನ ಕಾಲದ ಮಾತು ಮಾತ್ರವಲ್ಲವೆಂಬುದನ್ನು ಬೀಚನಹಳ್ಳಿಯೇ ನೆನಪಿಗೆ ತರುತ್ತದೆ. ಪುನ್ನಾಟರ ರಾಜಧಾನಿಯಾದ ಕೀರ್ತಿಪುರವೆಂದು ವಿದ್ವಾಂಸರು ಗುರುತಿಸಿರುವ ಕಿತ್ತೂರು ಈ ಕಬಿನಿಯ ತೀರದ ಊರೇ. ಬಹಳ ಹಿಂದಿನಿಂದ ಜನ ಉತ್ತು ಬಿತ್ತಿ ಬಾಳಿದ ನೆಲವಿದು. ಜಲಾಶಯ ತುಂಬಿದಾಗ ಈ ಕಣಿವೆಯ ಹಳ್ಳಿಗಳೂ ಸಾಗುವಳಿಯ ಭೂಮಿಯೂ ನೀರಿನಡಿ ಸೇರಿದುವು. ಜನ ಬೇರೆ ನೆಲೆಗಳನ್ನು ಹುಡುಕಿಕೊಂಡು ಹೋದರು. ಅಣೆಕಟ್ಟಿನ ಕೆಳಗಣ ಗದ್ದೆಗಳಿಗೆ ನೀರು ಬಂದುದು ನಿಜ. ಮೇಲಿನವರ ನೆಲ ಹೋದುದೂ ನಿಜ. ಮುಳುಗಡೆಯ ಲೆಕ್ಕಗಳು ಎಲ್ಲೆಲ್ಲಿಯೂ ಎಕರೆ ಗುಂಟೆಗಳಲ್ಲಿಯೇ ಇರುತ್ತವೆ. ಹೊಳೆಯ ಮೆಕ್ಕಲಿನ ಒಂದು ಎಕರೆಗೆ ಬದಲಾಗಿ ದಿಣ್ಣೆಯ ಮೇಲೆ ಒಂದು ಎಕರೆ ಕೊಟ್ಟರೆ ಸರಪಣಿಯ ಲೆಕ್ಕದಲ್ಲಿ ಒಂದು ಆಣೆಯೂ ತಪ್ಪಿಲ್ಲ. ಆದರೆ ಬೀಜವರಿಯ ಲೆಕ್ಕವನ್ನು ಬಲ್ಲ ಅಜ್ಜನು ಅವೆರಡನ್ನೂ ಸಮವೆಂದು ಒಪ್ಪುತ್ತಿರಲಿಲ್ಲ. ಅವನ ಮಾನದಲ್ಲಿ ಅವು ಎಂದೂ ಸಮವಾಗಿರಲಿಲ್ಲ.

ಅಳೆಯುವವನು ತನ್ನ ಮಾನದ ಜೊತೆಗೆ ತನ್ನ ಪ್ರಶ್ನೆಯನ್ನೂ ಬರೆದಿಡಬೇಕೆಂಬುದನ್ನು ಭೌತವಿಜ್ಞಾನಿಗಳು ಕಡ್ಡಾಯಮಾಡಿಕೊಂಡಿದ್ದಾರೆ. ಯಾವ ಕಣ, ಯಾವ ಶಕ್ತಿ, ಯಾವ ಘಟನೆ ಎಂಬುದನ್ನು ಹೇಳದೆ ಅವರು ಬಾರ್ನಿನ ಸಂಖ್ಯೆಯನ್ನು ಕೊಡುವುದಿಲ್ಲ. ಯಾವ ಕೋಲು, ಯಾವ ನೆಲ, ಯಾವ ಬೆಳೆ ಎಂಬುದನ್ನು ಹೇಳದೆ ಎಕರೆಯ ಸಂಖ್ಯೆಯನ್ನು ಕೊಡದಿರುವ ಪದ್ಧತಿಯನ್ನು ನಮ್ಮ ವಿಭಾಗದ ವಿದ್ಯಾರ್ಥಿಗಳೂ ರೂಢಿಸಿಕೊಂಡರೆ ಈ ಲೇಖನದ ಉದ್ದೇಶ ಸಫಲವಾದಂತೆ.